ಕಂಟ್ರೋಲರ್ ಮಾಮಾನ ‘ದಾರ್ಯಾಗೈತಿ’

ನಮ್ಮ ಮಾಮಾ ಪಿಸುಗುಟ್ಟಿದ್ದನ್ನು ನಾನು ಕೇಳಿದ್ದು ಒಂದೇ ಸಲ. ಉಳಿದಂತೆ ಅವನು ಆಡಿದ್ದೆಲ್ಲ ಪ್ರಕಟಣೆಯೇ. ಒಳಕೋಣೆಯಲ್ಲಿ ಕೂತು "ನೀರು ತಾ" ಎಂದರೆ ಅದು ಅಡುಗೆಮನೆ ದಾಟಿ, ಅಂಗಳ ದಾಟಿ, ಓಣಿಯ ತಿರುವಿನ ಕಿರಾಣಿ ಅಂಗಡಿಗೆ ಮುಟ್ಟುತ್ತಿತ್ತು. ಅಲ್ಲಿ ಬೇಳೆ ತೂಗಿಸಿಕೊಳ್ಳುತ್ತ ನಿಂತಿರುತ್ತಿದ್ದ ಅವ್ವನಿಗೆ ಅಂಗಡಿಯವನು, "ಅಕ್ಕಾರ, ಸಾಹೇಬರಿಗೆ ನೀರಡಿಕಿ ಆಗೈತಂತ್ರಿ, ಲಗೂ ಹೋಗ್ರಿ" ಎನ್ನುತ್ತಿದ್ದ. ಕರ್ಕಶ ದನಿಯಲ್ಲ ಅದು. ತಗ್ಗಿನ, ಅಗಲವಾದ, ಕಾಳು ತುಂಬುವ ಖಾಲಿ ಹಗೇವಿನೊಳಗೆ ನಿಂತು ಮಾತಾಡಿದಂಥ ದನಿ. ಕೇಳಿದವರು ಒಮ್ಮೆ ತಮ್ಮ ಚೀಲ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಬಸ್ಸು ಬಂತೇನೋ ಎಂದು.

ಹಾಗೆ ಅನ್ನಿಸುವುದಕ್ಕೆ ಕಾರಣವಿತ್ತು. ಅವ್ವನ ಅಣ್ಣನಾದ ಈ ಮಾಮಾ ಮಹಾರಾಷ್ಟ್ರದ ಗಡಿಯೂರಾದ ಗಡಹಿಂಗ್ಲಜದ ಎಸ್‌ಟಿ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದ. ಬಸ್ಸು ಬಂದದ್ದು, ನಿಂತದ್ದು, ಹೊರಟದ್ದನ್ನು ‘ಚೌಕಶಿ’ ಎಂಬ ವಿಚಾರಣೆಯ ಜಾಳಿಗೆ ಕಿಟಕಿಯ ಹಿಂದೆ ಕೂತು ಮೈಕಿನಲ್ಲಿ ಹೇಳುವುದು ಅವನ ಕೆಲಸ. ಗುರಸಿದ್ದಪ್ಪ ಎಂಬ ಹೆಸರಿದ್ದರೂ ಊರಿಗೆ ಅವನು ಕಂಟ್ರೋಲರ್ ಸಾಹೇಬ. ಅಪ್ಪ ಬೇಗ ತೀರಿಕೊಂಡದ್ದರಿಂದ ಅವ್ವ ನನ್ನನ್ನು ಕಟ್ಟಿಕೊಂಡು ಅಣ್ಣನ ಮನೆಗೆ ಬಂದವಳು ಅಲ್ಲೇ ಉಳಿದಳು. ನಾನು ಆ ದನಿಯ ಕೆಳಗೇ ಬೆಳೆದೆ.

ಪ್ರಕಟಣೆ ಮರಾಠಿಯಲ್ಲಿ ಇರಬೇಕಿತ್ತು, ಇರುತ್ತಿತ್ತು. "ಪ್ರವಾಶಾಂನೀ ಕೃಪಯಾ ಲಕ್ಷ ದ್ಯಾವೇ. ಗಡಹಿಂಗ್ಲಜಹೂನ ಕೊಲ್ಹಾಪೂರಲಾ ಜಾಣಾರೀ ಗಾಡೀ ಫಲಾಟ ಕ್ರಮಾಂಕ ತೀನವರ ಉಭೀ ಆಹೇ." ಪ್ರಯಾಣಿಕರು ಗಮನಿಸಬೇಕು, ಮೂರನೇ ಫಲಾಟಿನಲ್ಲಿ, ಎಂದರೆ ಪ್ಲಾಟ್‌ಫಾರ್ಮಿನಲ್ಲಿ, ಕೊಲ್ಹಾಪುರದ ಗಾಡಿ ನಿಂತಿದೆ ಎಂಬ ಇಷ್ಟು ಸುದ್ದಿ ಮುಗಿದ ಮೇಲೆ ಮಾಮಾ ಮೈಕು ಬಂದ್ ಮಾಡುತ್ತಿರಲಿಲ್ಲ. ಒಂದು ಉಸಿರು ಬಿಟ್ಟು, ತನ್ನದೇ ಜವಾಬ್ದಾರಿಯ ಮೇಲೆ, ಹಳ್ಳಿಯ ಮುದುಕಿಯರಿಗಾಗಿ ಕನ್ನಡದ ಬಾಲ ಸೇರಿಸುತ್ತಿದ್ದ: "ಹಲಕರ್ಣಿಗೆ ಹೋಗು ಆಯಿಗೋಳು ಇದರಾಗ ಹತ್ತಬ್ಯಾಡ್ರಿ. ನಿಮ್ಮ ಗಾಡಿ ದಾರ್ಯಾಗೈತಿ."

ದಾರ್ಯಾಗೈತಿ. ಇದು ಅವನ ಶಬ್ದ. ಬಸ್ಸು ಎಷ್ಟೇ ತಡವಾಗಲಿ, ‘ಲೇಟ್’ ಎಂಬುದು ಅವನ ಬಾಯಿಂದ ಬರುತ್ತಿರಲಿಲ್ಲ. ಲೇಟ್ ಎಂದರೆ ಜನರ ಎದೆ ಹಾರುತ್ತದೆ, ಎದೆ ಹಾರಿದವರು ಕಿಟಕಿಗೆ ಬಂದು ಜಗಳ ತೆಗೆಯುತ್ತಾರೆ, ಜಗಳದಿಂದ ಬಸ್ಸೇನೂ ಓಡಿ ಬರುವುದಿಲ್ಲ ಎಂಬುದು ಅವನ ವಾದ. ಆದರೆ ಅದು ಸುಮ್ಮನೆ ಸಮಾಧಾನದ ಮಾತೂ ಆಗಿರಲಿಲ್ಲ. ಹಿಂದಿನ ಸ್ಟ್ಯಾಂಡಿಗೆ ಫೋನು ಹಚ್ಚಿ, ಗಾಡಿ ಅಲ್ಲಿಂದ ಬಿಟ್ಟಿದೆ ಎಂದು ಕೇಳಿಕೊಂಡ ಮೇಲಷ್ಟೇ ‘ದಾರ್ಯಾಗೈತಿ’. ಫೋನು ಸಿಗದಿದ್ದರೆ ಬಾಯಿ ಮುಚ್ಚಿಕೊಂಡು ಕೂರುತ್ತಿದ್ದ. ‘ಬಂತು’ ಎನ್ನಬೇಕಾದರಂತೂ ಎದ್ದು ಹೊರಗೆ ಹೋಗಿ ಗಾಡಿಯ ಮುಖವನ್ನು ಕಣ್ಣಾರೆ ನೋಡಬೇಕು.

ಅವನಿಗೆ ಮದುವೆಯಾಗಿರಲಿಲ್ಲ. ವಯಸ್ಸಿದ್ದಾಗ ಯಾರಾದರೂ ಕೇಳಿದರೆ "ಗಾಡಿ ದಾರ್ಯಾಗೈತಿ" ಎನ್ನುತ್ತಿದ್ದನಂತೆ. ನಿವೃತ್ತನಾದ ಮೇಲೂ ಅದೇ ಉತ್ತರ. ಅವ್ವ ಒಮ್ಮೆ, "ಅಣ್ಣಾ, ಈ ಒಂದ ಗಾಡಿ ಮಾತ್ರ ನೀ ಹಿಂದಿನ ಸ್ಟ್ಯಾಂಡಿಗೆ ಫೋನ್ ಮಾಡದನ ಹೇಳಾಕತ್ತಿ ನೋಡು" ಎಂದಳು. ಮಾಮಾ ಟೋಪಿ ಸರಿಮಾಡಿಕೊಂಡು ಸ್ಟ್ಯಾಂಡಿನ ಕಡೆ ಹೊರಟ.

ನಾನು ಕೊಲ್ಹಾಪುರದ ಪತ್ರಿಕೆಯೊಂದರಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಮಳೆಗಾಲದ ಒಂದು ದಿನ, ಹಿರಣ್ಯಕೇಶಿ ಹೊಳೆಯ ನೀರು ಸೇತುವೆಯ ಮೇಲೆ ಬಂದಿದೆಯೇ ಎಂದು ಕೇಳಲು ಅವನಿಗೆ ಫೋನು ಮಾಡಿದ್ದೆ.

"ಬಂದೈತಂತ," ಎಂದ.

"ಬಂದೈತಿ ಅಂತ ಬರೀಲೇನ ಮಾಮಾ?"

"ನಾ ನೋಡೀನೇನ? ಡ್ರೈವರ ಹೇಳ್ಯಾನ. ಡ್ರೈವರ ಹೇಳ್ಯಾನ ಅಂತ ಬರಿ."

ಸುದ್ದಿಮನೆಯಲ್ಲಿ ಹಿರಿಯರು ಆಮೇಲೆ ಇದನ್ನೇ ದೊಡ್ಡ ಶಬ್ದಗಳಲ್ಲಿ ಹೇಳಿಕೊಟ್ಟರು. ನನಗೆ ಅದು ಆಗಲೇ ಗೊತ್ತಿತ್ತು.

ಮದುವೆಯಾಗಿ ನಾನು ಇಚಲಕರಂಜಿ ಸೇರಿದೆ. ಗಂಡನ ಮನೆಯವರದು ಮರಾಠಿ ಮಾತು, ಮಗ್ಗದ ಬಿಡಿಭಾಗಗಳ ಅಂಗಡಿ. ಮೊದಲ ಬಸಿರಿನಲ್ಲಿ ಏಳನೇ ತಿಂಗಳ ಕುಬಸ ಮಾಡಿಸಿಕೊಂಡು, ಹಸಿರು ಸೀರೆ, ಕೈ ತುಂಬ ಹಸಿರು ಬಳೆಯೊಂದಿಗೆ ಹೆರಿಗೆಗೆಂದು ತವರಿಗೆ ಬಂದೆ. ಗಡಹಿಂಗ್ಲಜದ ಪೇಟೆಯಲ್ಲಿ ಮೆಣಸಿನಕಾಯಿ ಸುಗ್ಗಿ ನಡೆದಿತ್ತು. ಆ ಘಾಟು ಓಣಿಯೊಳಗೆಲ್ಲ ಹರಡಿಕೊಂಡು, ಮೊದಲೇ ಎದೆಯುರಿಯುತ್ತಿದ್ದ ನನಗೆ ಮೆಣಸಿನಕಾಯಿ ತಿನ್ನದೆಯೂ ತಿಂದಂತಾಗುತ್ತಿತ್ತು.

ಕೊನೆಯ ಮೂರು ತಿಂಗಳಲ್ಲಿ ದೇಹ ಬೇರೆಯವರದಾಗುತ್ತದೆ ಎಂದು ಕೇಳಿದ್ದೆ. ಅದು ಅಂಥ ಕಾವ್ಯದ ಮಾತೇನಲ್ಲ. ಹೊಟ್ಟೆ ಮೇಲಕ್ಕೇರಿ ಉಸಿರಿಗೆ ಜಾಗ ಸಾಲದೆ ನನ್ನ ವಾಕ್ಯಗಳು ಅರ್ಧಕ್ಕೆ ನಿಲ್ಲುತ್ತಿದ್ದವು. ಉಳಿದರ್ಧವನ್ನು ಮಾಮಾ ಮುಗಿಸುತ್ತಿದ್ದ, ಹೆಚ್ಚಾಗಿ ತಪ್ಪಾಗಿ. ಸಂಜೆಗೆ ಪಾದ ಉಬ್ಬಿ ಚಪ್ಪಲಿಯೊಳಗೆ ಹೋಗುತ್ತಿರಲಿಲ್ಲವಾದ್ದರಿಂದ ಅವನ ಅಗಲ ಚಪ್ಪಲಿ ಮೆಟ್ಟಿಕೊಂಡು ಅಡ್ಡಾಡುತ್ತಿದ್ದೆ. ಮಾಮಾ ಬರಿಗಾಲಲ್ಲಿ ಬಾಗಿಲಿಗೆ ಬಂದು, "ಕಂಟ್ರೋಲರನ ಚಪ್ಪಲಿ ಫಲಾಟ ಬಿಟ್ಟು ಹೋಗ್ಯಾವ. ಕಂಡವರು ಚೌಕಶಿ ಕಿಟಕಿಗೆ ತಂದು ಕೊಡಬೇಕು" ಎಂದು ಓಣಿಗೆ ತಿಳಿಸುತ್ತಿದ್ದ.

ತಪಾಸಣೆಗೆ ನನ್ನ ಜೊತೆ ಬರುತ್ತಿದ್ದವನೂ ಅವನೇ. ಅವ್ವನಿಗೆ ಆಸ್ಪತ್ರೆಯ ವಾಸನೆ ಆಗುತ್ತಿರಲಿಲ್ಲ. ಬಸುರಿಯರೂ ಅವರ ತಾಯಂದಿರೂ ತುಂಬಿದ ಆ ಸಣ್ಣ ಹೆರಿಗೆ ಆಸ್ಪತ್ರೆಯ ಬೆಂಚಿನ ಮೇಲೆ ಬಿಳಿ ಟೋಪಿಯ ಈ ಬ್ರಹ್ಮಚಾರಿ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದ. ಡಾಕ್ಟರಬಾಯಿ ಅಕಿವಾಟದ ಕಡೆಯ ಜೈನರ ಮನೆತನದವರು. ಕನ್ನಡ, ಮರಾಠಿ ಎರಡೂ ಸಲೀಸು. ಪರದೆಯ ಈಚೆ ನನ್ನ ಹೊಟ್ಟೆ ನೋಡುತ್ತಿದ್ದರೆ ಆಚೆಯಿಂದ ಪ್ರಶ್ನೆ ಬರುತ್ತಿತ್ತು.

"ಬಾಯಾರ, ಕೈ, ಕಾಲು, ಕಣ್ಣು, ಮೂಗು ಎಲ್ಲಾ ಬಂದಾವ ಅಂತೀರಿ. ಮತ್ತ ಇನ್ನೂ ಒಳಗ ಕುಂತು ಏನ ಮಾಡತೈತ್ರಿ ಅದು?"

"ತೂಕಾ ಹಚ್ಚಕೊಳ್ಳತೈತ್ರಿ ಕಾಕಾ. ತೊಗಲಿನ ಕೆಳಗ ಕೊಬ್ಬು ಕೂಡಬೇಕು, ಇಲ್ಲಂದ್ರ ಹೊರಗ ಬಂದಮ್ಯಾಲ ಮೈ ಬೆಚ್ಚಗ ಇಟಗೊಳ್ಳಾಕ ಆಗಂಗಿಲ್ಲ. ಮೆದುಳು ಬೆಳೀಬೇಕು. ಉಸಿರಾಡು ಚೀಲ ಕಡೀಕ ತಯಾರಾಗತಾವ. ಅದಕ್ಕ ಗಡಿಬಿಡಿ ನಡಿಯಂಗಿಲ್ಲ."

"ಅಂದ್ರ ಬಾಡಿ ಕಟ್ಟಿ ಮುಗದೈತಿ. ಸೀಟು ಕುಂದ್ರಸಾಕತ್ತಾರ."

"ಹಂಗ ಅನ್ರಿ."

"ಎಂಜಿನ್‌ರೀ?"

ಡಾಕ್ಟರಬಾಯಿ ನಕ್ಕು, ಕೈಯಲ್ಲಿದ್ದ ಯಂತ್ರದ ದನಿ ಏರಿಸಿದರು. ಕುದುರೆ ಓಡಿದಂಥ ಸಪ್ಪಳ ಕೋಣೆ ತುಂಬ ಹರಡಿತು. ನಾನು ಇಳಿದು ಹೊರಗೆ ಬಂದಾಗ ಮಾಮಾ ಟೋಪಿಯನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡಿದ್ದ.

ಒಂದು ಮಧ್ಯಾಹ್ನ ಹೊಟ್ಟೆ ಕಲ್ಲಿನಂತೆ ಬಿಗಿದುಕೊಂಡು ಬಿಡತೊಡಗಿತು. ಅವ್ವ ಚೀಲ ತುಂಬತೊಡಗಿದಳು. ಮಾಮಾ ಮಾತ್ರ ಡಾಕ್ಟರಬಾಯಿ ಹೇಳಿದ್ದನ್ನು ನೆನಪಿಟ್ಟುಕೊಂಡಿದ್ದ: ಬಿಗಿತ ಲೆಕ್ಕಕ್ಕೆ ಸಿಗದೆ ಬಂದು ಹೋಗುತ್ತಿದ್ದರೆ, ಎದ್ದು ನಡೆದಾಡಿದಾಗ ಕಡಿಮೆಯಾದರೆ ಅದು ಹೆರಿಗೆಯ ನೋವಲ್ಲ, ಗರ್ಭಕೋಶದ ತಾಲೀಮು. ನಾನು ಅಂಗಳದಲ್ಲಿ ನಡೆದಾಡಿದೆ, ಬಿಗಿತ ಹೋಯಿತು. "ಡೆಪೋದಾಗ ಎಂಜಿನ್ ರೇಸ್ ಮಾಡಿ ನೋಡತಾರ," ಎಂದು ಮಾಮಾ ಅವ್ವನಿಗೆ ವಿವರಿಸಿದ, "ಹಂಗಂತ ಗಾಡಿ ಹೊಂಡಂಗಿಲ್ಲ. ಚೀಲಾ ಕೆಳಗಿಡು."

ಇಷ್ಟೆಲ್ಲದರ ನಡುವೆ ಡಾಕ್ಟರಬಾಯಿ ಒಮ್ಮೆ, ಕೂಸಿಗೆ ಈಗ ಹೊರಗಿನ ದನಿ ಕೇಳುತ್ತದೆ, ಅದರಲ್ಲೂ ತಗ್ಗಿನ ದನಿ ಚೆನ್ನಾಗಿ ಒಳಗೆ ದಾಟುತ್ತದೆ ಎಂದುಬಿಟ್ಟರು. ತಗ್ಗಿನ ದನಿ ಎಂದಾಗ ಬೆಂಚಿನ ಮೇಲಿದ್ದವರೆಲ್ಲ ಮಾಮಾನ ಕಡೆ ನೋಡಿದರು.

ನಿವೃತ್ತನಾದ ಮೇಲೂ ಅವನು ದಿನಾ ಬೆಳಿಗ್ಗೆ ಸ್ಟ್ಯಾಂಡಿಗೆ ಹೋಗಿ ಚಹಾ ಕುಡಿದು, ಯಾವ ಗಾಡಿ ಬಂತು ಯಾವುದು ಬರಲಿಲ್ಲ ಎಂದು ನೋಡಿಕೊಂಡು ಬರುತ್ತಿದ್ದ. ಮರುದಿನ ಬಂದವನು ಹೊಸ್ತಿಲಲ್ಲಿ ನಿಂತ. ತಂಗಿಯ ಮಗಳ ಹೊಟ್ಟೆಗೆ ಮುಖ ಮಾಡಿ ಮಾತಾಡಲು ಅವನಿಗೆ ಸಂಕೋಚ. ಅದಕ್ಕೇ ನನಗೆ ಬೆನ್ನು ತಿರುಗಿಸಿ, ಅಂಗಳದ ನಳದ ಕಡೆ ನೋಡುತ್ತ ಗಂಟಲು ಸರಿಮಾಡಿಕೊಂಡ.

"ಪ್ರವಾಶಾಂನೀ ಕೃಪಯಾ ಲಕ್ಷ ದ್ಯಾವೇ."

ಎಡಪಕ್ಕೆಯಲ್ಲಿ ಒಂದು ಒದೆ ಬಿತ್ತು.

ನಾನು ಒಂದೇ ಮೂಲದ ಸುದ್ದಿ ನಂಬುವವಳಲ್ಲ. ಮರುದಿನ ಅದೇ ಮಾತನ್ನು ಅವ್ವನಿಂದ ಹೇಳಿಸಿದೆ, ಏನೂ ಆಗಲಿಲ್ಲ. ಮೊಬೈಲಿನಲ್ಲಿ ಹಾಡು ಹಚ್ಚಿದೆ; ಸೋಮಾರಿಯಾಗಿ ಒಮ್ಮೆ ಹೊರಳಿತು. ಮಾಮಾ ನಳದ ಕಡೆ ತಿರುಗಿ ಪ್ರಕಟಿಸಿದ; ಒದೆ ಬಿತ್ತು. ವಾರಗಟ್ಟಲೆ ಇದೇ ನಡೆಯಿತು. ದಿನ ಕಳೆದಂತೆ ಒಳಗೆ ಜಾಗ ಕಡಿಮೆಯಾಗಿ ಒದೆ ಹೋಗಿ ಹೊರಳಾಟವಾಯಿತು, ಹೊಟ್ಟೆಯ ಮೇಲೆ ಮೊಣಕೈಯೋ ಹಿಮ್ಮಡಿಯೋ ಉಬ್ಬಿ ಸರಿದಾಡುವುದು ಸೀರೆಯ ಮೇಲಿನಿಂದಲೇ ಕಾಣುತ್ತಿತ್ತು. ಆದರೆ ಪ್ರಕಟಣೆಗೆ ಉತ್ತರ ತಪ್ಪಲಿಲ್ಲ. ಮಾಮಾ ಬೆನ್ನು ಮಾಡಿಯೇ ಕೇಳುತ್ತಿದ್ದ, "ಸುಮೀ, ಹಿಂದಿನ ಸ್ಟ್ಯಾಂಡಿನಿಂದ ಸುದ್ದಿ ಬಂತೇನ?"

"ಬಂತ ಮಾಮಾ."

"ಗಾಡಿ ದಾರ್ಯಾಗೈತಿ," ಎಂದು ಓಣಿಗೆ ತಿಳಿಸಿ ಒಳಗೆ ಬರುತ್ತಿದ್ದ.

ಎಂಟನೇ ತಿಂಗಳಲ್ಲಿ ನಡೆದ ಪ್ರಕರಣವನ್ನು ಎರಡೂ ಮನೆಯವರು ಇನ್ನೂ ಬೇರೆ ಬೇರೆಯಾಗಿ ಹೇಳುತ್ತಾರೆ. ನಾನು ಕಂಡಷ್ಟನ್ನು ಹೇಳುತ್ತೇನೆ. ಅವ್ವ ನಮ್ಮತ್ತೆಗೆ ಇಚಲಕರಂಜಿಗೆ ಫೋನು ಮಾಡಿದ್ದಳು. ನಾನು ಅಂದು ತಲೆಗೆ ಎರೆದುಕೊಂಡು ಬಿಸಿಲಿಗೆ ಕೂತಿದ್ದೆ. ನನ್ನ ಮುಖ ನೋಡಿ ಅವ್ವನಿಗೆ ಖುಷಿಯಾಗಿರಬೇಕು. ನಮ್ಮ ಕನ್ನಡದಲ್ಲಿ ಮುಖ ಹೊಳೆಯುವುದಕ್ಕೆ ‘ಕಳಾ ಬಂದೈತಿ’ ಎನ್ನುತ್ತಾರೆ. ಅವ್ವ ಅದನ್ನು ತನಗೆ ಬರುವ ಮರಾಠಿಗೆ ತಿರುಗಿಸಿ, "ವಿಹೀಣಬಾಯಿ, ಸುಮೀಲಾ ಲಯ ಕಳಾ ಆಲ್ಯಾ ಬಘಾ" ಎಂದಳು. ಮರಾಠಿಯಲ್ಲಿ ಬಸುರಿಗೆ ‘ಕಳಾ ಬರುವುದು’ ಎಂದರೆ ಹೆರಿಗೆನೋವು ಬರುವುದು. ಅಷ್ಟರಲ್ಲಿ ಫೋನು ಕಟ್ಟಾಯಿತು. ಅವ್ವ ಮಗಳ ಚಂದವನ್ನು ಬೀಗತಿಗೆ ತಿಳಿಸಿದೆನೆಂಬ ಸಮಾಧಾನದಲ್ಲಿ ರೊಟ್ಟಿ ಬಡಿಯಲು ಹೋದಳು.

ನಾನು ಕಟ್ಟೆಯ ಮೇಲೆ ಕೂತು ಉಪ್ಪು ಹಚ್ಚಿದ ಮಾವಿನಕಾಯಿ ತಿನ್ನುತ್ತಿದ್ದಾಗ ಬಾಡಿಗೆ ಜೀಪೊಂದು ಓಣಿಯೊಳಗೆ ನುಗ್ಗಿತು. ನಮ್ಮತ್ತೆ ಇಳಿದರು. ಹಿಂದೆ ನನ್ನ ಗಂಡ, ಅವನ ತಲೆಯ ಮೇಲೆ ಒಗೆದು ಮೆತ್ತಗಾದ ಹಳೆಯ ಸೀರೆಗಳ ಗಂಟು. ಅತ್ತೆಯ ಕೈಯಲ್ಲಿ ಬಾಣಂತಿಗೆ ಕೊಡುವ ಅಂಟಿನುಂಡಿಯ ಡಬ್ಬಿ. ಮಾಮಾ ಹೊರಗೆ ಬಂದು ಗಾಡಿಯ ಮುಖ ನೋಡಿದ. ಜಾತ್ರೆಗೋ ಹಬ್ಬಕ್ಕೋ ಬಿಡುವ ಹೆಚ್ಚಿನ ಬಸ್ಸಿಗೆ ‘ಜಾದಾ ಗಾಡಿ’ ಎನ್ನುತ್ತಾರೆ. "ಇಚಲಕರಂಜೀಹೂನ ಆಲೇಲೀ ಜಾದಾ ಗಾಡೀ," ಎಂದು ಶುರು ಮಾಡಿದವನು ಅತ್ತೆಯ ಮುಖ ನೋಡಿ ಫಲಾಟ ಕ್ರಮಾಂಕ ಹೇಳದೆ ನಿಲ್ಲಿಸಿದ.

ಅತ್ತೆ ನನ್ನನ್ನೂ ಮಾವಿನಕಾಯಿಯನ್ನೂ ನೋಡಿ, ಹಿಟ್ಟಿನ ಕೈಯಲ್ಲಿ ಓಡಿಬಂದ ಅವ್ವನನ್ನು ಕೇಳಿದರು, "ಕಳಾ ಕುಠಾಯತ?" ನೋವು ಎಲ್ಲಿವೆ?

ಅವ್ವ ಹೆಮ್ಮೆಯಿಂದ ನನ್ನ ಗಲ್ಲ ಹಿಡಿದು ತೋರಿಸಿದಳು. "ಹ್ಯಾ ಕಾಯ, ತೋಂಡಾವರ." ಇಗೋ, ಮುಖದ ಮೇಲೆ.

ಮೊದಲು ನಕ್ಕವನು ಜೀಪಿನ ಡ್ರೈವರ್. ಅತ್ತೆ ಕಟ್ಟೆಯ ಮೇಲೆ ಕೂತು, ದಾರಿಯುದ್ದಕ್ಕೂ ತಾವು ಹರಕೆ ಹೊತ್ತ ದೇವರುಗಳ ಹೆಸರನ್ನು ಒಂದೊಂದಾಗಿ ಹೇಳಿ, ಇನ್ನು ಇವೆಲ್ಲ ಯಾರು ತೀರಿಸುವವರು ಎಂದು ಅವ್ವನನ್ನು ಕೇಳಿದರು. ಆಮೇಲೆ ಅವರಿಗೂ ನಗು ತಡೆಯಲಿಲ್ಲ. ಬಾಣಂತಿಯ ಉಂಡಿಯನ್ನು ಡ್ರೈವರನೂ ಸೇರಿ ಎಲ್ಲರೂ ತಿಂದು ಮುಗಿಸಿದರು. ಮಾಮಾ ಅಂದೇ ಆದೇಶ ಹೊರಡಿಸಿದ: "ಇನ್ನಮ್ಯಾಲ ಈ ಮನ್ಯಾಗ ಕಳಾ ಅನ್ನೂ ಶಬ್ದ ಬಂದ್. ಮುಖಕ್ಕ ಬಂದ್ರ ಚಂದ ಅನ್ರಿ, ಹೊಟ್ಟಿಗೆ ಬಂದ್ರ ಬ್ಯಾನಿ ಅನ್ರಿ. ಫೋನ್ ಮಾಡೂದು ಇದ್ರ ಕಂಟ್ರೋಲರನ್ನ ಕೇಳಿ ಮಾಡ್ರಿ."

ದಿನ ತುಂಬುತ್ತ ಬಂತು. ಕೂಸಿನ ತಲೆ ಕೆಳಗಿಳಿದು ನನ್ನ ಉಸಿರು ಸಲೀಸಾಯಿತು, ನಡಿಗೆ ಬಾತುಕೋಳಿಯದಾಯಿತು. ಡಾಕ್ಟರಬಾಯಿ ತಲೆ ಕೂತಿದೆ ಎಂದಾಗ ಮಾಮಾ, "ಫಲಾಟಕ್ಕ ಹತ್ತೇತಿ" ಎಂದು ಆಸ್ಪತ್ರೆಯ ಬೆಂಚಿಗೆಲ್ಲ ತಿಳಿಸಿದ. ಆ ದಿನ ಅವರು ಇನ್ನೊಂದು ಮಾತು ಹೇಳಿದ್ದರು. ಹೆರಿಗೆ ಹತ್ತಿರ ಬಂದಾಗ ಕೂಸು ಸುಮ್ಮನಾಗುತ್ತದೆ ಎಂದು ಹಿರಿಯರು ಹೇಳುತ್ತಾರೆ, ಅದನ್ನು ನಂಬಬೇಡಿ. ಆಡುವ ರೀತಿ ಬದಲಾಗುತ್ತದೆ, ಆಡುವುದು ನಿಲ್ಲುವುದಿಲ್ಲ. ಯಾವತ್ತಿಗಿಂತ ಕಡಿಮೆ ಅನ್ನಿಸಿದರೆ ಕಾಯದೆ ಬನ್ನಿ.

ಅದಾದ ಕೆಲವು ದಿನಗಳ ಮೇಲೆ ಒಂದು ಬೆಳಿಗ್ಗೆ ಮಾಮಾ ಸ್ಟ್ಯಾಂಡಿನಿಂದ ಬಂದು, ನಳದ ಕಡೆ ತಿರುಗಿ, ಪ್ರಕಟಿಸಿದ. ನಾನು ಕಾದೆ. ಏನೂ ಇಲ್ಲ.

"ಸುದ್ದಿ ಬಂತೇನ?"

"ಇನ್ನೊಮ್ಮೆ ಹೇಳು ಮಾಮಾ."

ಇನ್ನೊಮ್ಮೆ ಹೇಳಿದ. ನಾನು ತಣ್ಣೀರು ಕುಡಿದೆ, ಶೇಂಗಾ ಬೆಲ್ಲ ತಿಂದೆ, ಎಡಮಗ್ಗುಲಿಗೆ ಮಲಗಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡೆ. ಎದ್ದಾಗಿನಿಂದ ಅದು ಹೊರಳಿತ್ತೇ ಎಂದು ನೆನೆಸಿಕೊಂಡೆ. ಖಚಿತವಾಗಿ ಹೇಳಲಾಗಲಿಲ್ಲ. ಮಾಮಾ ಆ ದಿನ ಮೊದಲ ಬಾರಿಗೆ ನನ್ನ ಕಡೆ ತಿರುಗಿ, ನನ್ನ ಹೊಟ್ಟೆಯನ್ನೇ ನೋಡುತ್ತ ಮತ್ತೆ ಪ್ರಕಟಿಸಿದ. ಓಣಿಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು. ಒಳಗಿನಿಂದ ಉತ್ತರವಿಲ್ಲ.

"ದಿನಾ ತುಂಬ್ಯಾವ ಅಣ್ಣಾ," ಎಂದಳು ಅವ್ವ. "ಹೊಟ್ಟಿ ಇಳದೈತಿ. ಕೂಸು ಸುಮ್ಮನಾಗತೈತಿ ಈಗ. ನಾನೂ ಒಂದು ಹಡದೇನಿ, ನನಗ ತಿಳೀದೇನ?"

ಹೆದರಿದ್ದವಳು ನಾನು, ಸಮಾಧಾನ ಬೇಕಿದ್ದವಳೂ ನಾನು. "ದಾರ್ಯಾಗೈತಿ ಅನ್ನು ಮಾಮಾ," ಎಂದೆ.

"ಹೆಂಗ ಅನ್ನಲಿ?" ಎಂದ. "ಹಿಂದಿನ ಸ್ಟ್ಯಾಂಡಿನಿಂದ ಸುದ್ದಿನ ಇಲ್ಲಲ್ಲ."

ಆಮೇಲೆ ನನ್ನ ಹತ್ತಿರ ಬಂದು ಬಗ್ಗಿದ. ಆ ಅಗಲ ದನಿ ಅದೆಲ್ಲಿ ಹೋಯಿತೋ. ಬರೀ ಗಾಳಿಯಂಥ ಮಾತು. ಬಾಗಿಲಲ್ಲಿದ್ದ ಅವ್ವನಿಗೂ ಅದು ಕೇಳಿಸಲಿಲ್ಲ.

"ಗಾಡಿ ಲೇಟ್ ಐತಿ, ಸುಮೀ. ಏಳು."

ಆ ಶಬ್ದವನ್ನು ಅವನ ಬಾಯಲ್ಲಿ ಕೇಳಿದ ಮೇಲೆ ನಾನು ಮರುಪ್ರಶ್ನೆ ಮಾಡಲಿಲ್ಲ. ಅವನ ಚಪ್ಪಲಿಯನ್ನೇ ಮೆಟ್ಟಿಕೊಂಡು ರಿಕ್ಷಾ ಹತ್ತಿದೆ. ಅವನು ಬರಿಗಾಲಲ್ಲಿ ಬಂದ.

ಆಸ್ಪತ್ರೆಯಲ್ಲಿ ಹೊಟ್ಟೆಗೆ ಪಟ್ಟಿ ಬಿಗಿದು ಯಂತ್ರ ಹಚ್ಚಿದರು. ಕುದುರೆ ಓಡುವ ಸಪ್ಪಳ ಇತ್ತು. ಅದು ಕೇಳಿ ನನಗೆ ಅಳು ಬಂತು. ಆದರೆ ಡಾಕ್ಟರಬಾಯಿ ಯಂತ್ರದಿಂದ ಬರುತ್ತಿದ್ದ ಕಾಗದವನ್ನು ಬಹಳ ಹೊತ್ತು ನೋಡಿದರು, ಆಮೇಲೆ ಸ್ಕ್ಯಾನ್ ಮಾಡಿದರು. "ಒಳಗ ನೀರು ಭಾಳ ಕಡಿಮಿ ಆಗೈತಿ. ಎದಿಬಡಿತಾ ನನಗ ಸೇರವಲ್ದು. ದಿನಾ ತುಂಬ್ಯಾವ, ಕೂಸು ತಯಾರೈತಿ. ಕಾಯೂದು ಬ್ಯಾಡ, ಈಗ ಆಪರೇಶನ್ ಮಾಡಿ ತಗೀತೇನಿ," ಎಂದರು. ಪರದೆಯ ಆಚೆ ಇವತ್ತು ಯಾವ ಪ್ರಶ್ನೆಯೂ ಇರಲಿಲ್ಲ.

ಮುಂದಿನದು ನಾನು ಕಂಡದ್ದಲ್ಲ, ಅವ್ವ ಹೇಳಿದ್ದು. ಅವಳು ಹೊರಗೆ ನಿಂತು ಅತ್ತೆಗೆ ಫೋನು ಹಚ್ಚಿ, ಅಳುತ್ತ, ಬೇಗ ಬನ್ನಿ ಎಂದಳಂತೆ. ಅತ್ತೆ ಅವಸರ ಮಾಡಲಿಲ್ಲ. "ಆತಾ ಕುಠಲ್ಯಾ ಕಳಾ? ತೋಂಡಾವರಚ್ಯಾ ಕಾ ಪೋಟಾತಲ್ಯಾ?" ಎಂದು ಕೇಳಿದರು. ಈ ಸಲದ ಕಳಾ ಮುಖದ್ದೋ, ಹೊಟ್ಟೆಯದೋ? ಮಾಮಾ ಫೋನು ಕಸಿದುಕೊಂಡು, "ಆಪರೇಶನ್ ಆಹೇ. ಯಾ," ಎಂದಷ್ಟೇ ಹೇಳಿದ. ಆಪರೇಶನ್ ಇದೆ, ಬನ್ನಿ. ಪ್ರಕಟಣೆಯ ದನಿ ಮರಳಿ ಬಂದಿತ್ತು. ಅತ್ತೆ ಅದಕ್ಕೆ ಮರುಮಾತಾಡದೆ ಹೊರಟರು.

ಹೆಣ್ಣುಕೂಸು. ಹುಟ್ಟುತ್ತಲೇ ಅತ್ತಿತು, ಅದು ನನಗೆ ಕೇಳಿಸಿತು. ಕೂಸು ಗಟ್ಟಿಯಾಗಿದೆ, ಹೊತ್ತಿಗೆ ಸರಿಯಾಗಿ ಬಂದಿರಿ, ನಾಳೆ ನೋಡೋಣ ಎಂದಿದ್ದರೆ ಏನಾಗುತ್ತಿತ್ತೋ ಹೇಳಲಾರೆ ಎಂದರು ಡಾಕ್ಟರಬಾಯಿ.

ಕೂಸು ಅಳು ನಿಲ್ಲಿಸಲಿಲ್ಲ. ಒರೆಸಿ, ಬಟ್ಟೆಯಲ್ಲಿ ಸುತ್ತಿ ಹೊರಗೆ ತಂದಾಗಲೂ ಅಳುತ್ತಿತ್ತು. ಅವ್ವ ತೂಗಿದಳು, ಅಷ್ಟರಲ್ಲಿ ಬಂದು ಮುಟ್ಟಿದ್ದ ಅತ್ತೆ ತೂಗಿದರು, ನನ್ನ ಗಂಡ ಎತ್ತಿಕೊಳ್ಳಲು ಹೆದರಿ ಕೈಕಟ್ಟಿ ನಿಂತ. ಮಾಮಾ ದೂರದ ಗೋಡೆಗೆ ಒರಗಿಕೊಂಡಿದ್ದ. ಅವ್ವ ಹೇಳಿದಳು, "ಅಣ್ಣಾ, ನೀ ಒಂದ ಸಲ ಹೇಳಿ ನೋಡು."

ಅವನ ತಲೆಯ ಮೇಲೇ ‘ಶಾಂತತಾ ರಾಖಾ’, ಸದ್ದು ಮಾಡಬೇಡಿ, ಎಂಬ ಫಲಕವಿತ್ತು. ಜೀವನವಿಡೀ ಫಲಕಗಳನ್ನು ಪಾಲಿಸಿದ ಮನುಷ್ಯ. ಅದನ್ನು ಓದಿದ, ನರ್ಸಿನ ಮುಖ ನೋಡಿದ. ನರ್ಸ್, "ಹೇಳ್ರಿ ಕಾಕಾ, ಇಲ್ಲಿ ಇದಕಿಂತಾ ಜಾಸ್ತಿ ಗದ್ದಲಾ ಏನ್ ಆಗಬೇಕೈತಿ?" ಎಂದಳು. ಮಾಮಾ ಕೂಸಿಗೆ ಬೆನ್ನು ಮಾಡಿ, ಕಾರಿಡಾರಿನ ಕೊನೆಯ ಕಿಟಕಿಯ ಕಡೆ ನೋಡುತ್ತ ಗಂಟಲು ಸರಿಮಾಡಿಕೊಂಡ.

"ಪ್ರವಾಶಾಂನೀ ಕೃಪಯಾ ಲಕ್ಷ ದ್ಯಾವೇ."

ಅಳು ನಿಂತಿತು. ಕೂಸು ಕಣ್ಣು ಬಿಟ್ಟುಕೊಂಡು ಸುಮ್ಮನಾಯಿತು.

ಮಾಮಾನ ಹೊರತು ಅಲ್ಲಿದ್ದ ನಾಲ್ವರೂ ಇದನ್ನು ಒಂದೇ ರೀತಿ ಹೇಳುತ್ತಾರೆ. ಎಳೆಗೂಸುಗಳು ಬೇರೆ ಕಾರಣಗಳಿಗೂ ಅಳು ನಿಲ್ಲಿಸುತ್ತವೆ ಎಂಬುದು ನನಗೆ ಗೊತ್ತು. ಒಳಗಿದ್ದಾಗ ಕೇಳಿದ ದನಿಯನ್ನು ಗುರುತು ಹಿಡಿಯುತ್ತವೆ ಎಂದು ಡಾಕ್ಟರಬಾಯಿ ಹೇಳಿದ್ದೂ ಗೊತ್ತು. ಎಲ್ಲರೂ ಒಪ್ಪುವ ಇನ್ನೊಂದು ಸಂಗತಿ ಇದೆ. ಮಾಮಾ ಆ ಪ್ರಕಟಣೆಯನ್ನು ಮುಗಿಸಲಿಲ್ಲ. ಯಾವ ಗಾಡಿ, ಯಾವ ಫಲಾಟ ಎಂದು ಹೇಳಬೇಕಾದಲ್ಲಿ ಟೋಪಿ ತೆಗೆದು ಮುಖಕ್ಕೆ ಹಿಡಿದುಕೊಂಡ. "ಬಂತು ಅನ್ರಿ ಕಾಕಾ," ಎಂದಳು ನರ್ಸ್. ಅವನು ತಿರುಗಿ, ಹತ್ತಿರ ಬಂದು, ಬಟ್ಟೆ ಸರಿಸಿ ಕೂಸಿನ ಮುಖವನ್ನು ಸರಿಯಾಗಿ ನೋಡಿದ. ಆಮೇಲೆ ಹೇಳಿದ, "ಬಂತು."

ಈಗ ಮಾಮಾ ಇಲ್ಲ. ಗಡಹಿಂಗ್ಲಜದ ಸ್ಟ್ಯಾಂಡಿನಲ್ಲಿ ಇಳಿದಾಗ ಮೈಕಿನಲ್ಲಿ ಕೇಳುವುದು ಯಾರೋ ಹೆಣ್ಣುಮಗಳ ಮುದ್ರಿತ ದನಿ. ತಪ್ಪಿಲ್ಲದ, ಸ್ಪಷ್ಟ ಮರಾಠಿ. ಹಲಕರ್ಣಿಯ ಆಯಿಗಳು ಯಾವ ಗಾಡಿ ಹತ್ತಬೇಕೆಂದು ಅಕ್ಕಪಕ್ಕದವರನ್ನು ಕೇಳಿಕೊಳ್ಳುತ್ತಾರೆ.

ಅವನನ್ನು ಕಡೆಯ ಸಲ ಕಂಡದ್ದು ಅವನು ಹಾಸಿಗೆ ಹಿಡಿದಿದ್ದಾಗ. ಎದೆ ಸೋತು ದನಿ ಇಳಿದಿತ್ತು. ನೀರು ಕೇಳಿದರೆ ಅಡುಗೆಮನೆಯವರೆಗಷ್ಟೇ ಹೋಗುತ್ತಿತ್ತು. ಅವ್ವ ಅಂಗಡಿಗೆ ಹೋಗುವುದನ್ನೇ ಬಿಟ್ಟಿದ್ದಳು. ನಾವು ಎರಡು ದಿನ ಇದ್ದು ಹೊರಟು ನಿಂತಿದ್ದೆವು. ಮಾತು ಕಲಿತು ಬಾಯಿ ಮುಚ್ಚದಂತಾಗಿದ್ದ ಮಗಳು ಗೌರಿ ಸ್ಟೀಲಿನ ಲೋಟವನ್ನು ಬಾಯಿಗೆ ಹಿಡಿದು ಹೊಸ್ತಿಲಲ್ಲಿ ನಿಂತು, ಅಂಗಳದ ನಳದ ಕಡೆ ನೋಡುತ್ತ, ಅಜ್ಜ ಕಲಿಸಿದ್ದನ್ನು ಒಪ್ಪಿಸಿದಳು. ಇಚಲಕರಂಜಿಗೆ ಹೋಗುವ ಗಾಡಿ ಫಲಾಟ ಕ್ರಮಾಂಕ ತೀನವರ ಉಭೀ ಆಹೇ.

ಮಾಮಾ ಮಂಚದಿಂದ ಕೈ ಎತ್ತಿದ. "ತಡಿ. ಕಣ್ಣಲೆ ನೋಡೀದೇನ?"

ಗೌರಿ ಲೋಟ ಇಟ್ಟು, ಬಾಗಿಲಾಚೆ ಹೋಗಿ, ಓಣಿಯ ಎರಡೂ ಕಡೆ ನೋಡಿ ಬಂದಳು. "ಇಲ್ಲ ಅಜ್ಜಾ."

"ಮತ್ತ?"

"ದಾರ್ಯಾಗೈತಿ."

"ಯಾರ ಹೇಳ್ಯಾರ?"

ಅವಳು ಸ್ವಲ್ಪ ಯೋಚಿಸಿದಳು. ಆಮೇಲೆ ಲೋಟವನ್ನು ಮತ್ತೆ ಬಾಯಿಗೆ ಹಿಡಿದು ಓಣಿಗೆಲ್ಲ ಕೇಳುವಂತೆ ಹೇಳಿದಳು, "ನಮ್ಮಜ್ಜ ಹೇಳ್ಯಾನ."

ಮಾಮಾ ಕಣ್ಣು ಮುಚ್ಚಿಕೊಂಡು ನಕ್ಕ. ನನ್ನ ಕಡೆ ಕೈ ಮಾಡಿ, "ಹಂಗ ಬರಕೋ ಸುಮೀ," ಎಂದ.